ನುಡಿ ರಕ್ತದಿಂದ ಬರುವುದೇ?

ಗಡಿನಾಡಿನ ಸಭೆಗಳಲ್ಲಿ ನಾವು ಮತ್ತೆ ಮತ್ತೆ ಕೇಳುವ ಮಾತೊಂದಿದೆ: "ಕನ್ನಡ ನಮ್ಮ ರಕ್ತದಲ್ಲಿಯೇ ಇದೆ, ಅದನ್ನು ಯಾರೂ ಕಸಿಯಲಾರರು." ಚಪ್ಪಾಳೆ ಗಿಟ್ಟಿಸುವ ಮಾತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಈ ಮಾತು ನಮಗೆ ಧೈರ್ಯವನ್ನು ಕೊಟ್ಟಿರುವುದೂ ಹೌದು. ಆದರೆ ಧೈರ್ಯ ಕೊಡುವ ಮಾತೆಲ್ಲವೂ ನಿಜವಾಗಿರಬೇಕೆಂಬ ನಿಯಮವಿಲ್ಲ. ಇದು ನಿಜವಾದರೆ ನಾವು ಮಾಡಬೇಕಾದ ಕೆಲಸ ಬಹಳ ಕಡಿಮೆ. ನಿಜವಲ್ಲದಿದ್ದರೆ ಬಹಳ ಹೆಚ್ಚು. ಆದುದರಿಂದ ಪರೀಕ್ಷಿಸಿ ನೋಡಬೇಕಾದ ಮಾತು.

ಮೊದಲು ರಕ್ತದ ವಿಚಾರ. ನಾವು ಕಲಿಸಿದ್ದು ಭಾಷೆ ಮತ್ತು ಚರಿತ್ರೆ. ಜೀವಶಾಸ್ತ್ರ ನಮ್ಮ ಪಾಲಿಗೆ ಬರುತ್ತಿದ್ದುದು ವಿಜ್ಞಾನದ ಮಾಸ್ತರರು ರಜೆ ಹಾಕಿದಾಗ ಮಾತ್ರ. ಹಾಗೆ ತರಗತಿಗೆ ಹೋಗುವ ಮುನ್ನ ಅವಸರದಲ್ಲಿ ಓದಿಕೊಂಡ ಒಂದು ಸಂಗತಿ ಇಂದಿಗೂ ಮನಸ್ಸಿನಲ್ಲಿ ಉಳಿದಿದೆ. ಹೆತ್ತವರ ಗುಣ ಮಕ್ಕಳಿಗೆ ಇಳಿಯುವುದು ಜೀವಕೋಶದ ಕೇಂದ್ರದೊಳಗಿನ ವರ್ಣತಂತುಗಳ ಮೂಲಕ: ತಾಯಿಯಿಂದ 23, ತಂದೆಯಿಂದ 23, ಒಟ್ಟು 46. ರಕ್ತಕ್ಕೆ ಬಣ್ಣ ಕೊಡುವ ಕೆಂಪು ಕಣವಾದರೋ, ಬಲಿಯುವಾಗ ತನ್ನ ಕೋಶಕೇಂದ್ರವನ್ನೇ ಹೊರಹಾಕಿಬಿಡುತ್ತದೆ. ವಂಶದ ಓಲೆಯೇ ಇಲ್ಲದ ಕಣವನ್ನು ಮುಂದಿಟ್ಟುಕೊಂಡು ನಾವು ವಂಶಾಭಿಮಾನದ ಮಾತಾಡುತ್ತೇವೆ! ಬಿಳಿಯ ಕಣಗಳಲ್ಲಿ ಆ ಓಲೆ ಇದೆಯಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಇದೆ. ಆದರೆ ಅದರಲ್ಲಿ ಬರೆದಿರುವುದು ಕಣ್ಣಿನ ಬಣ್ಣ, ರಕ್ತದ ಗುಂಪು ಮುಂತಾದವು; ಕನ್ನಡದ ಒಂದಕ್ಷರವೂ ಅಲ್ಲಿಲ್ಲ.

ಮಾತು ಕಲಿಯುವ ಶಕ್ತಿ ಹುಟ್ಟಿನೊಡನೆ ಬರುತ್ತದೆ. ಯಾವ ಮಾತು ಎಂಬುದು ಬರುವುದಿಲ್ಲ. ಮಾನವನ ಉಗಮವನ್ನು ಕುರಿತು 1871ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಡಾರ್ವಿನ್ ಈ ಭೇದವನ್ನು ಸ್ಪಷ್ಟವಾಗಿ ಗುರುತಿಸಿದ್ದರು. ಕೂಸು ತಾನಾಗಿ ತೊದಲುತ್ತದೆ, ಆದರೆ ಯಾವ ಭಾಷೆಯನ್ನಾಗಲಿ ಕಲಿತೇ ಆಡಬೇಕು. ಹಕ್ಕಿಗಳಲ್ಲಿಯೂ ಇಂಥದೇ ಉದಾಹರಣೆಯಿದೆ. ಕ್ಯಾಲಿಫೋರ್ನಿಯದಲ್ಲಿ ತಲೆಯ ಮೇಲೆ ಬಿಳಿಯ ಪಟ್ಟೆಯುಳ್ಳ ಒಂದು ಜಾತಿಯ ಗುಬ್ಬಿ ಇದೆ. ಕೆಲವೇ ಮೈಲಿಗಳ ಅಂತರದಲ್ಲಿ ಅದರ ಹಾಡಿನ ಧಾಟಿ ಬದಲಾಗುತ್ತದೆ, ನಮ್ಮ ಕುಂಬಳೆಯ ಕನ್ನಡಕ್ಕೂ ಧಾರವಾಡದ ಕನ್ನಡಕ್ಕೂ ವ್ಯತ್ಯಾಸವಿರುವಂತೆ. ಪೀಟರ್ ಮಾರ್ಲರ್ ಎಂಬ ವಿಜ್ಞಾನಿ ಇದರ ಮರಿಗಳನ್ನು ಒಂಟಿಯಾಗಿ ಸಾಕಿ ನೋಡಿದರು. ಹಿರಿಯ ಹಕ್ಕಿಯ ಹಾಡನ್ನೇ ಕೇಳದ ಮರಿ ದೊಡ್ಡದಾದಾಗ ಹಾಡಿತು. ಅದು ಯಾವ ಸೀಮೆಯ ಹಾಡೂ ಆಗಿರಲಿಲ್ಲ. ಹುಟ್ಟಿದ ಸುಮಾರು 10ರಿಂದ 50 ದಿನಗಳೊಳಗೆ ಹಾಡು ಕೇಳಿಸಿದ ಮರಿ ಮಾತ್ರ ತಾನು ಕೇಳಿದ ಸೀಮೆಯ ಧಾಟಿಯನ್ನು ಹಿಡಿಯಿತು.

ಇಲ್ಲಿಯವರೆಗಿನದು ಹೆಚ್ಚಿನವರು ಒಪ್ಪುವ ಮಾತು. ಆದರೂ ನಮ್ಮ ಮನಸ್ಸಿನ ಮೂಲೆಯಲ್ಲಿ ಒಂದು ಸಮಾಧಾನ ಉಳಿದಿರುತ್ತದೆ: ಮಗ ಕಲಿಯದಿದ್ದರೇನು, ಮೊಮ್ಮಗನಲ್ಲಿ ಅಜ್ಜನ ಗುಣ ಮರಳಿ ಬಂದೀತು. ಈ ಸಮಾಧಾನವೇ ಹೆಚ್ಚು ಅಪಾಯಕಾರಿ ಎಂದು ನಮಗೆ ತೋರುತ್ತದೆ. ಬಟಾಣಿಯ ಮೇಲೆ ಪ್ರಯೋಗ ನಡೆಸಿ 1866ರಲ್ಲಿ ತನ್ನ ಲೇಖನವನ್ನು ಪ್ರಕಟಿಸಿದ ಮೆಂಡೆಲ್ ಎಂಬ ಮಠವಾಸಿ ಕಂಡದ್ದು ನಿಜವಾಗಿಯೂ ಹೀಗೆಯೇ ಇತ್ತು. ಎತ್ತರದ ಗಿಡಕ್ಕೂ ಗಿಡ್ಡ ಗಿಡಕ್ಕೂ ಸಂಕರ ಮಾಡಿದಾಗ ಮೊದಲ ತಲೆಮಾರಿನಲ್ಲಿ ಗಿಡ್ಡ ಗಿಡ ಒಂದೂ ಇಲ್ಲ. ಆ ಗುಣ ಅಳಿದೇ ಹೋಯಿತು ಎನ್ನಬೇಕು. ಆದರೆ ಮುಂದಿನ ತಲೆಮಾರಿನ 1064 ಗಿಡಗಳಲ್ಲಿ 787 ಎತ್ತರದವು, 277 ಗಿಡ್ಡ! ಕಾಣದಿದ್ದದ್ದು ಅಳಿದಿರಲಿಲ್ಲ, ಅಡಗಿತ್ತು. ಜೀವಕೋಶದ ಬೆಳವಣಿಗೆಯಲ್ಲಿಯೂ ಹೀಗೆಯೇ. ಕರುಳಿನ ಕೋಶ ಕರುಳಿನ ಕೆಲಸವನ್ನಷ್ಟೇ ಮಾಡುತ್ತದೆ. ಆದರೆ ಇಡೀ ದೇಹವನ್ನು ಕಟ್ಟುವ ಸೂಚನೆ ಅದರೊಳಗೆ ಮೌನವಾಗಿ ಉಳಿದಿರುತ್ತದೆ. ಗೊದಮೊಟ್ಟೆಯ ಕರುಳಿನ ಕೋಶಕೇಂದ್ರವನ್ನು ತೆಗೆದು, ಸ್ವಂತ ಕೇಂದ್ರವನ್ನು ನಿಷ್ಕ್ರಿಯಗೊಳಿಸಿದ ಅಂಡದೊಳಗೆ ಇಟ್ಟು, ಅದರಿಂದ ಪೂರ್ಣ ಕಪ್ಪೆ ಬೆಳೆಯಬಲ್ಲುದೆಂದು ಜಾನ್ ಗರ್ಡನ್ 1960ರ ದಶಕದಲ್ಲಿ ತೋರಿಸಿದರು. 2012ರಲ್ಲಿ ಅವರಿಗೆ ನೊಬೆಲ್ ಬಂತು.

ನುಡಿಗೆ ಇಂಥ ಅಡಗುತಾಣವಿಲ್ಲ. ಒಂದು ತಲೆಮಾರು ಮೌನವಾದರೆ ಮುಂದಿನದರ ಬಾಯಲ್ಲಿ ಅದು ತಾನಾಗಿ ಚಿಗುರುವುದಿಲ್ಲ. ಅಜ್ಜನ ಮೂಗು ಮಗನನ್ನು ದಾಟಿ ಮೊಮ್ಮಗನ ಮುಖಕ್ಕೆ ಬಂದೀತು. ಅಜ್ಜನ ಗಾದೆ ಬಾರದು.

ನೀತಿಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಮಗನಿಗೆ ತನ್ನ ಮೂಗನ್ನು ಕೊಟ್ಟ ತಂದೆಯನ್ನು ಯಾರೂ ಹೊಗಳುವುದಿಲ್ಲ, ರೋಗವನ್ನು ದಾಟಿಸಿದನೆಂದು ದೂರುವುದೂ ಸಲ್ಲದು. ಅಲ್ಲಿ ಅವನ ಇಚ್ಛೆ ಕೆಲಸ ಮಾಡಲಿಲ್ಲ. ನುಡಿಯಲ್ಲಿ ಇಚ್ಛೆಯಿದೆ. ಕೊಟ್ಟರೆ ಕೊಟ್ಟಂತೆ, ಕೊಡದಿದ್ದರೆ ಇಲ್ಲ. ಹಾಗಾದರೆ ಕೊಡದವನು ಮಗುವಿಗೆ ಅನ್ಯಾಯ ಮಾಡಿದನೇ? ಅನ್ನದ ದಾರಿ ಇಂಗ್ಲಿಷಿನಲ್ಲಿದೆ, ಸರಕಾರಿ ಕಚೇರಿಯ ದಾರಿ ಮಲಯಾಳದಲ್ಲಿದೆ ಎಂದು ಲೆಕ್ಕ ಹಾಕುವ ತಂದೆಯನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಲು ನಮಗೆ ಮನಸ್ಸಿಲ್ಲ. ಆತನ ಲೆಕ್ಕದಲ್ಲಿ ನಿಜವಾದ ಭಯವಿದೆ. ಆದರೆ ಶಾಲೆಯ ಮಾಧ್ಯಮ ಬೇರೆ, ಊಟದ ಹೊತ್ತಿನ ಮಾತು ಬೇರೆ. ಊಟದ ಹೊತ್ತಿನ ಕನ್ನಡಕ್ಕೆ ಶುಲ್ಕವಿಲ್ಲ, ಅದರಿಂದ ಯಾವ ಕೆಲಸವೂ ತಪ್ಪುವುದಿಲ್ಲ. ಅದನ್ನೂ ನಿಲ್ಲಿಸಿ, ಸಭೆಗೆ ಬಂದು ರಕ್ತದ ಮಾತಾಡುವವರ ವಿಷಯದಲ್ಲಿ ಮಾತ್ರ ನಮ್ಮ ಸಹನೆ ಕಡಿಮೆ.

ರಕ್ತವನ್ನು ಅಳತೆಗೋಲು ಮಾಡಿದರೆ ಇನ್ನೊಂದು ತೊಡಕೂ ಇದೆ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ, ಕಯ್ಯಾರ ಕಿಞ್ಞಣ್ಣ ರೈಗಳದು ತುಳು, ಬೇಂದ್ರೆಯವರದು ಮರಾಠಿ, ಮಾಸ್ತಿಯವರದು ತಮಿಳು. ರಕ್ತದ ಲೆಕ್ಕ ಹಿಡಿದರೆ ಇವರನ್ನೆಲ್ಲ ಹೊರಗೆ ಕೂರಿಸಬೇಕಾದೀತು. ರಕ್ತಶುದ್ಧಿಯ ಲೆಕ್ಕ ಎಲ್ಲಿಗೆ ಒಯ್ಯುತ್ತದೆಂಬುದನ್ನು 1933ರ ಬಳಿಕದ ಜರ್ಮನಿ ಜಗತ್ತಿಗೆಲ್ಲ ತೋರಿಸಿದೆ. ಇಲ್ಲಿ ಅದನ್ನು ಬೆಳೆಸುವುದಿಲ್ಲ. ಮಲಯಾಳ ಮನೆಮಾತಿನ ಮಗುವೊಂದು ಕನ್ನಡ ಶಾಲೆಯ ಒಂದನೆಯ ತರಗತಿಗೆ ಸೇರಿದರೆ, ಎರಡು ವರ್ಷದಲ್ಲಿ ಅದಕ್ಕೆ ಕನ್ನಡದ ಮೇಲೆ ಇರುವ ಹಕ್ಕು ನಮ್ಮದಕ್ಕಿಂತ ಒಂದು ಗುಲಗಂಜಿಯೂ ಕಡಿಮೆಯಲ್ಲ.

ಇನ್ನು ಪಡೆಯದೆ ಬೆಳೆದವರ ಮಾತು. ಗುಬ್ಬಿಗಿರುವಷ್ಟು ಕಟ್ಟುನಿಟ್ಟಿನ ಗಡುವು ಮನುಷ್ಯನಿಗಿಲ್ಲ. ಜರ್ಮನಿಯ ಕಿಟ್ಟೆಲ್ ಭಾರತಕ್ಕೆ ಬಂದದ್ದು 1853ರಲ್ಲಿ, ತಮ್ಮ 21ನೆಯ ವಯಸ್ಸಿನಲ್ಲಿ. ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಆರಂಭದ ದಿನಗಳಲ್ಲಿ ಅವರೂ ತಡವರಿಸಿಯೇ ಮಾತಾಡಿರಬೇಕು, ಕೇಳಿದವರು ತಿದ್ದಿರಬೇಕು. ಕೊಲ್ಲಿ ದೇಶದಿಂದ ರಜೆಯಲ್ಲಿ ಬಂದ ಮೊಮ್ಮಗ ಮದುವೆಮನೆಯಲ್ಲಿ "ಅಜ್ಜಿ ಬಂದಾನೆ" ಎಂದಾಗ ಸುತ್ತಲಿನ ಹಿರಿಯರು ಗೊಳ್ಳೆಂದು ನಗುವುದನ್ನು ನಾವು ಕಂಡಿದ್ದೇವೆ. ಆ ಹುಡುಗ ಊಟದ ಪಂಕ್ತಿಯಲ್ಲಿ ನೀರು ಕೇಳಿದ್ದು ಇಂಗ್ಲಿಷಿನಲ್ಲಿ.