ತಿದ್ದಲು ಬಾರದ ತೀರ್ಪು

ಗಲ್ಲು ಶಿಕ್ಷೆಯ ಮಾತು ಬಂದಾಗ ನಮ್ಮ ಚರ್ಚೆ ಸಾಮಾನ್ಯವಾಗಿ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತದೆ: ಇಂಥ ಘೋರ ಕೃತ್ಯ ಎಸಗಿದವನಿಗೆ ಬದುಕುವ ಯೋಗ್ಯತೆ ಇದೆಯೇ? ಒಬ್ಬರು ಸತ್ತವರ ಮನೆಯವರ ಸಂಕಟವನ್ನು ಮುಂದಿಡುತ್ತಾರೆ. ಜೀವ ಕೊಡಲಾಗದ ನಮಗೆ ಜೀವ ತೆಗೆಯುವ ಹಕ್ಕೆಲ್ಲಿದೆ ಎಂದು ಇನ್ನೊಬ್ಬರು ಕೇಳುತ್ತಾರೆ. ಎರಡೂ ಕಡೆ ನ್ಯಾಯವಿದೆ, ಹಾಗಾಗಿಯೇ ವಾದ ಮುಗಿಯುವುದಿಲ್ಲ. ಆದರೆ ಇದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಆ ಕೃತ್ಯ ಎಸಗಿದವನು ಇವನೇ ಎಂದು ನಮಗೆ ಗೊತ್ತಾಗಿದ್ದು ಹೇಗೆ? ಮೊದಲಿನದು ಯೋಗ್ಯತೆಯ ಪ್ರಶ್ನೆ, ಇದು ಅರಿವಿನ ಪ್ರಶ್ನೆ. ಈ ಎರಡನೆಯ ಪ್ರಶ್ನೆಯಿಂದ ಹೊರಡುವ ವಾದವನ್ನು ‘ತಿದ್ದಲಾಗದ ಶಿಕ್ಷೆಯ ವಾದ’ ಎನ್ನಬಹುದು.

ಆಧುನಿಕ ಕಾಲದಲ್ಲಿ ಮರಣದಂಡನೆಯನ್ನು ತಾತ್ತ್ವಿಕವಾಗಿ ಪ್ರಶ್ನಿಸಿದವರಲ್ಲಿ ಮಿಲಾನಿನ ಚೆಸಾರೆ ಬೆಕ್ಕಾರಿಯಾ ಮೊದಲಿಗ. ಸಮಾಜ ಕಟ್ಟಿಕೊಳ್ಳುವಾಗ ಜನರು ತಮ್ಮ ಸ್ವಾತಂತ್ರ್ಯದ ಒಂದು ಚಿಕ್ಕ ಪಾಲನ್ನಷ್ಟೇ ಪ್ರಭುತ್ವಕ್ಕೆ ಒಪ್ಪಿಸಿದರು, ಜೀವವನ್ನೇ ಯಾರೂ ಒಪ್ಪಿಸಿಲ್ಲ ಎಂಬುದು 1764ರ ತನ್ನ ಪುಸ್ತಕದಲ್ಲಿ ಅವನು ಹೂಡಿದ ವಾದ. ಜರ್ಮನಿಯ ಇಮ್ಯಾನುಯೆಲ್ ಕಾಂಟ್ ಇದನ್ನು ಖಡಾಖಂಡಿತವಾಗಿ ತಳ್ಳಿಹಾಕಿದ. ಒಂದು ದ್ವೀಪದ ಜನ ತಮ್ಮ ಸಮಾಜವನ್ನೇ ವಿಸರ್ಜಿಸಿ ಚದುರಿಹೋಗಲು ತೀರ್ಮಾನಿಸಿದರೂ, ಹೊರಡುವ ಮುನ್ನ ಸೆರೆಮನೆಯಲ್ಲಿ ಉಳಿದ ಕೊನೆಯ ಕೊಲೆಗಾರನನ್ನು ಗಲ್ಲಿಗೇರಿಸಿಯೇ ಹೋಗಬೇಕು ಎಂದು 1797ರಲ್ಲಿ ಬರೆದ. ಶಿಕ್ಷೆಯಿಂದ ಯಾರಿಗೂ ಲಾಭವಾಗಬೇಕಿಲ್ಲ, ಮಾಡಿದ್ದಕ್ಕೆ ತಕ್ಕದ್ದು ಸಂದರೆ ಸಾಕು ಎಂಬ ಪ್ರತಿಫಲ ಸಿದ್ಧಾಂತದ ಅತ್ಯಂತ ನಿಷ್ಠುರ ರೂಪ ಇದು.

ಇಲ್ಲಿಯವರೆಗೆ ವಾದವೆಲ್ಲ ನಿಜವಾದ ಕೊಲೆಗಾರನ ಕುರಿತು. ತಪ್ಪಾಗಿ ಸಿಕ್ಕಿಬಿದ್ದವನ ವಿಷಯವನ್ನು ನೇರವಾಗಿ ಎದುರಿಸಿದವನು ಜಾನ್ ಸ್ಟುವರ್ಟ್ ಮಿಲ್. 1868ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಸಂಸತ್ತಿನಲ್ಲಿ ಅವನು ಮಾತಾಡಿದ್ದು ಗಲ್ಲು ಶಿಕ್ಷೆಯ ಪರವಾಗಿ. ಹಾಗಿದ್ದೂ ಒಂದು ಆಕ್ಷೇಪಕ್ಕೆ ತೂಕವಿದೆ ಎಂದು ಒಪ್ಪಿಕೊಂಡ: ನಿರಪರಾಧಿಯನ್ನು ಕೊಂದರೆ ಆ ತಪ್ಪನ್ನು ತಿದ್ದಲು ದಾರಿಯೇ ಇಲ್ಲ. ವಿಚಾರಣೆಯ ಕ್ರಮವೇ ನಿರಪರಾಧಿಗಳಿಗೆ ಅಪಾಯಕಾರಿಯಾಗಿರುವ ದೇಶಗಳಲ್ಲಿ ಈ ಆಕ್ಷೇಪಕ್ಕೆ ಉತ್ತರವಿಲ್ಲ ಎಂದೂ ಹೇಳಿದ. ಇಂಗ್ಲೆಂಡಿನ ಸಾಕ್ಷ್ಯ ನಿಯಮಗಳು ಆರೋಪಿಯ ಕಡೆಗೇ ಹೆಚ್ಚು ವಾಲಿವೆ, ಆದ್ದರಿಂದ ಅಲ್ಲಿ ಆ ಭಯ ಬೇಡ ಎಂಬುದು ಅವನ ಸಮಾಧಾನ.

ಆ ಸಮಾಧಾನ ಎಷ್ಟು ಗಟ್ಟಿ ಎಂಬುದು ಅದೇ ಇಂಗ್ಲೆಂಡಿನಲ್ಲಿ ಬಯಲಾಯಿತು. ಲಂಡನ್ನಿನ ರಿಲ್ಲಿಂಗ್ಟನ್ ಪ್ಲೇಸ್ ಎಂಬ ಬೀದಿಯ 10ನೇ ನಂಬರಿನ ಮನೆಯ ಮೇಲಂತಸ್ತಿನಲ್ಲಿ ತಿಮೊಥಿ ಇವಾನ್ಸ್ ಎಂಬ ಯುವಕ ಹೆಂಡತಿ ಮತ್ತು ಹಸುಗೂಸಿನೊಂದಿಗೆ ಬಾಡಿಗೆಗಿದ್ದ. 1949ರಲ್ಲಿ ತಾಯಿ, ಮಗು ಇಬ್ಬರೂ ಹೆಣವಾಗಿ ಸಿಕ್ಕರು. ಪೊಲೀಸರ ಮುಂದೆ ಇವಾನ್ಸ್ ತಪ್ಪೊಪ್ಪಿಕೊಂಡ. ಆಮೇಲೆ ಅದನ್ನು ಹಿಂತೆಗೆದು, ಕೊಂದವನು ಕೆಳಗಿನ ಮನೆಯ ಜಾನ್ ಕ್ರಿಸ್ಟಿ ಎಂದ. ಕ್ರಿಸ್ಟಿಯೇ ಪ್ರಾಸಿಕ್ಯೂಷನ್ನಿನ ಮುಖ್ಯ ಸಾಕ್ಷಿಯಾಗಿ ಕಟಕಟೆ ಹತ್ತಿದ. ಜ್ಯೂರಿ ನಂಬಿದ್ದು ಅವನನ್ನು. ಮಗಳನ್ನು ಕೊಂದ ಆರೋಪದ ಮೇಲೆ ಇವಾನ್ಸ್‌ನನ್ನು 1950ರ ಮಾರ್ಚ್ 9ರಂದು ಗಲ್ಲಿಗೇರಿಸಿದರು. ಮೂರು ವರ್ಷ ಕಳೆದು, ಕ್ರಿಸ್ಟಿ ಖಾಲಿ ಮಾಡಿ ಹೋದ ಮನೆಯ ಅಡುಗೆಕೋಣೆಯ ಗೋಡೆಯ ಹಿಂದೆ ಹೆಂಗಸರ ಹೆಣಗಳು ಸಿಕ್ಕವು. ಅವನು ಸರಣಿ ಕೊಲೆಗಾರನಾಗಿದ್ದ. ಇವಾನ್ಸ್‌ಗೆ ಸರ್ಕಾರದ ಕ್ಷಮಾದಾನ ದೊರೆತದ್ದು 1966ರಲ್ಲಿ, ಅಂದರೆ ಸತ್ತು ಹದಿನಾರು ವರ್ಷಗಳ ಮೇಲೆ.

ಇದರ ಪಕ್ಕದಲ್ಲಿ ನಮ್ಮ ದೇಶದ್ದೇ ಒಂದು ಪ್ರಕರಣವನ್ನು ಇಟ್ಟು ನೋಡಬೇಕು. 2003ರ ಜೂನ್‌ನಲ್ಲಿ ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯಲ್ಲಿ ದರೋಡೆಕೋರರು ಒಂದು ಕುಟುಂಬದ ಮೇಲೆರಗಿ ಐವರನ್ನು ಕೊಂದರು. ಅಲೆಮಾರಿ ಸಮುದಾಯದ ಆರು ಮಂದಿಯನ್ನು ಪೊಲೀಸರು ಹಿಡಿದರು. ವಿಚಾರಣಾ ನ್ಯಾಯಾಲಯ ಆರೂ ಮಂದಿಗೆ ಗಲ್ಲು ವಿಧಿಸಿತು, ಹೈಕೋರ್ಟ್ ಮೂವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು, 2009ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ರದ್ದುಪಡಿಸಿ ಎಲ್ಲರಿಗೂ ಗಲ್ಲು ಎಂದಿತು. ಗಲ್ಲು ಪ್ರಕರಣಗಳ ಮರುಪರಿಶೀಲನಾ ಅರ್ಜಿಯನ್ನು ತೆರೆದ ನ್ಯಾಯಾಲಯದಲ್ಲೇ ಆಲಿಸಬೇಕೆಂದು ಅದೇ ಕೋರ್ಟ್ 2014ರಲ್ಲಿ ಹೇಳಿದ ಕಾರಣ ಈ ಕಡತ ಮತ್ತೆ ತೆರೆಯಿತು. ಬದುಕುಳಿದ ಮಹಿಳೆ ಪೊಲೀಸರ ಫೋಟೊ ಆಲ್ಬಮ್ ನೋಡಿ ಮೊದಲು ಗುರುತಿಸಿದ್ದು ಬೇರೆಯೇ ನಾಲ್ವರನ್ನು, ಅವರ ಬಗ್ಗೆ ತನಿಖೆಯೇ ನಡೆದಿರಲಿಲ್ಲ ಎಂಬುದು ಆಗ ತೂಕ ಪಡೆಯಿತು. ಆರು ಮಂದಿಯಲ್ಲಿ ಒಬ್ಬ ಘಟನೆಯ ಹೊತ್ತಿಗೆ ಅಪ್ರಾಪ್ತನಾಗಿದ್ದ. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆರೂ ಮಂದಿಯನ್ನು ಖುಲಾಸೆ ಮಾಡಿ, ತಲಾ ಐದು ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಅವರು ಸಿಕ್ಕಿಬಿದ್ದು ಸುಮಾರು ಹದಿನಾರು ವರ್ಷಗಳಾಗಿದ್ದವು.

ಎರಡೂ ಕಡೆ ತಪ್ಪು ಒಪ್ಪಿಕೊಳ್ಳಲು ಹಿಡಿದ ಕಾಲ ಹೆಚ್ಚುಕಡಿಮೆ ಒಂದೇ. ಒಂದು ಕಡೆ ಆ ತಿದ್ದುಪಡಿಯನ್ನು ಕೈಯಾರೆ ಪಡೆಯಲು ಮನುಷ್ಯರಿದ್ದರು, ಇನ್ನೊಂದು ಕಡೆ ಇರಲಿಲ್ಲ. ಇಡೀ ವಾದ ನಿಂತಿರುವುದು ಇಷ್ಟರ ಮೇಲೆ.

ನಮ್ಮ ನ್ಯಾಯದರ್ಶನ ಇಲ್ಲಿ ನೆರವಿಗೆ ಬರುತ್ತದೆ. ಮಬ್ಬುಗತ್ತಲಲ್ಲಿ ಹಗ್ಗವನ್ನು ಹಾವೆಂದು ಕಂಡವನಿಗೆ ಆ ಕ್ಷಣಕ್ಕೆ ಅದು ಹಾವೇ, ಅವನಲ್ಲಿ ಲವಲೇಶ ಸಂಶಯವೂ ಇರುವುದಿಲ್ಲ. ಭ್ರಮೆಗೂ ನಿಜಕ್ಕೂ ಒಳಗಿನಿಂದ ವ್ಯತ್ಯಾಸ ಕಾಣದು. ಆದ್ದರಿಂದಲೇ ನೈಯಾಯಿಕರು, ಒಂದು ಅರಿವು ಸರಿಯೇ ಎಂಬುದನ್ನು ಆ ಅರಿವೇ ಹೇಳಲಾರದು, ಹೊರಗಿನ ಪರೀಕ್ಷೆ ಹೇಳಬೇಕು ಎಂದರು. ಇದಕ್ಕೆ ಪರತಃ ಪ್ರಾಮಾಣ್ಯ ಎಂದು ಹೆಸರು. ಮೀಮಾಂಸಕರು ಇದನ್ನು ಒಪ್ಪಲಿಲ್ಲ. ಆದರೂ ಮುಂದೆ ಅದನ್ನು ಸುಳ್ಳೆಂದು ತೋರಿಸುವ ಬಾಧಕ ಜ್ಞಾನ ಬಂದರೆ ಹಿಂದಿನ ಅರಿವು ಬಿದ್ದುಹೋಗುತ್ತದೆ ಎಂಬುದರಲ್ಲಿ ಅವರದೂ ತಕರಾರಿಲ್ಲ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯಲ್ಲಿ ಇರುವುದೂ ಈ ಎಚ್ಚರವೇ. ತೀರ್ಪು ಕೂಡ ಒಂದು ಅರಿವು. 1950ರ ಜ್ಯೂರಿಯಾಗಲಿ, 2009ರಲ್ಲಿ ‘ಸಂಶಯಾತೀತ’ ಎಂದು ಬರೆದು ಸಹಿ ಹಾಕಿದ ನ್ಯಾಯಾಧೀಶರಾಗಲಿ ಸುಳ್ಳಾಡಿರಲಿಲ್ಲ, ಅವರಿಗೆ ನಿಜಕ್ಕೂ ಸಂಶಯವಿರಲಿಲ್ಲ. ನಾಳೆ ಬರಬಹುದಾದ ಬಾಧಕ ಜ್ಞಾನಕ್ಕೆ ಸೆರೆವಾಸ ಬಾಗಿಲು ತೆರೆದಿಟ್ಟಿರುತ್ತದೆ. ಗಲ್ಲು ಅದನ್ನು ಮುಚ್ಚುತ್ತದೆ.

ಇದಕ್ಕೆ ಮೂರು ಗಟ್ಟಿ ಆಕ್ಷೇಪಗಳಿವೆ. ಮೊದಲನೆಯದು: ಆ ಆರು ಮಂದಿಗೆ ಹದಿನಾರು ವರ್ಷವನ್ನು ಯಾರು ಮರಳಿಸಿದರು? ಜೈಲೂ ತಿದ್ದಲಾಗದ ಶಿಕ್ಷೆಯೇ ತಾನೇ? ನಿಜ, ಹೋದ ಯೌವನ ಬರುವುದಿಲ್ಲ, ಐದು ಲಕ್ಷ ಅದಕ್ಕೆ ಬೆಲೆಯೂ ಅಲ್ಲ. ಆದರೆ ನಾವು ತೀರಿಸಬೇಕಾದ ಋಣದ ಒಡೆಯ ಅಲ್ಲಿ ಇನ್ನೂ ಇದ್ದಾನೆ. ಉಳಿದ ಆಯುಷ್ಯವನ್ನಾದರೂ ಅವನಿಗೆ ಕೊಡಬಹುದು, ಕ್ಷಮೆ ಕೇಳಬಹುದು. ಸತ್ತವನ ವಿಷಯದಲ್ಲಿ ಋಣ ತೀರಿಸುವ ಮಾತೇ ಇಲ್ಲ.

ಎರಡನೆಯದು: ರಸ್ತೆ, ಸೇತುವೆ, ಅಣೆಕಟ್ಟು ಕಟ್ಟುವಾಗಲೂ ಕೆಲವು ಅಮಾಯಕರು ಸಾಯುತ್ತಾರೆಂದು ಗೊತ್ತು, ಆದರೂ ಕಟ್ಟುತ್ತೇವೆ. ಗಲ್ಲಿನಿಂದ ಸಮಾಜಕ್ಕೆ ರಕ್ಷಣೆ ಸಿಗುವುದಾದರೆ ಅಪರೂಪದ ಒಂದು ತಪ್ಪನ್ನೇಕೆ ಸಹಿಸಬಾರದು? ಇದಕ್ಕೆ ಉತ್ತರ ಎರಡು. ಅಪಘಾತದಲ್ಲಿ ಯಾರೂ ಯಾರನ್ನೂ ಆರಿಸಿ ಕೊಲ್ಲುವುದಿಲ್ಲ, ಗಲ್ಲಿನಲ್ಲಿ ಪ್ರಭುತ್ವ ಒಬ್ಬನನ್ನು ಹೆಸರಿಟ್ಟು ಕರೆದು, ದಿನ ನಿಗದಿ ಮಾಡಿ, ನಮ್ಮೆಲ್ಲರ ಪರವಾಗಿ ಕೊಲ್ಲುತ್ತದೆ. ಅಲ್ಲದೆ ರಸ್ತೆಗೆ ಬದಲಿಯಿಲ್ಲ, ಗಲ್ಲಿಗೆ ಜೀವಾವಧಿ ಎಂಬ ಬದಲಿ ಇದೆ. ಕಾಂಟ್‌ನ ಮಾತು ಇಲ್ಲಿ ಅವನ ನಿಲುವಿಗೇ ಎದುರಾಗುತ್ತದೆ. ಮನುಷ್ಯನನ್ನು ಇನ್ನೊಬ್ಬರ ಹಿತಕ್ಕೆ ಬರೀ ಸಾಧನವಾಗಿ ಬಳಸಬಾರದು, ಅಪರಾಧ ಮಾಡಿದ ಕಾರಣಕ್ಕೆ ಮಾತ್ರ ಶಿಕ್ಷಿಸಬೇಕು ಎಂದವನೇ ಅವನು. ಗಲ್ಲು ಉಳಿಯಲಿ ಎಂದು ಕೆಲವು ನಿರಪರಾಧಿಗಳ ಸಾವನ್ನು ಲೆಕ್ಕಕ್ಕೆ ಹಿಡಿಯುವುದು ಅವರನ್ನು ಸಾಧನವಾಗಿಸಿದಂತೆಯೇ.

ಮೂರನೆಯದು ಎಲ್ಲಕ್ಕಿಂತ ಬಲವಾದದ್ದು. ಅಪರಾಧ ಕ್ಯಾಮೆರಾದಲ್ಲೇ ಸೆರೆಯಾದ, ಡಿಎನ್‌ಎ ಪುರಾವೆಯೂ ಇರುವ ಪ್ರಕರಣಗಳ ಕಥೆಯೇನು? 2012ರಲ್ಲಿ ಯರವಡಾ ಜೈಲಿನಲ್ಲಿ ಗಲ್ಲಿಗೇರಿದ, ಮುಂಬೈ ದಾಳಿಯ ಉಗ್ರ ಅಜ್ಮಲ್ ಕಸಬ್ ಯಾರೆಂಬ ಬಗ್ಗೆ ಯಾರಿಗೂ ಗೊಂದಲವಿರಲಿಲ್ಲ. ಪ್ರಾಮಾಣಿಕವಾಗಿ ಹೇಳುವುದಾದರೆ, ಅಂಥ ಪ್ರಕರಣದ ಬಗ್ಗೆ ಈ ವಾದಕ್ಕೆ ಹೇಳಲು ಏನೂ ಇಲ್ಲ. ಅಲ್ಲಿ ಗಲ್ಲನ್ನು ವಿರೋಧಿಸುವವರು ಬೆಕ್ಕಾರಿಯಾನಂತೆ ಬೇರೆ ಕಾರಣ ಕೊಡಬೇಕು. ಆದರೆ ಕಾನೂನು ಬರೆಯುವುದು ಒಬ್ಬನಿಗಾಗಿ ಅಲ್ಲ. ‘ಸಂಶಯಾತೀತ’ಕ್ಕಿಂತ ಮೇಲೆ ‘ಖಂಡಿತ ಸಂಶಯಾತೀತ’ ಎಂಬ ಇನ್ನೊಂದು ಮೆಟ್ಟಿಲು ಮಾಡಿದರೆ, ಅದನ್ನು ಹತ್ತಿಸುವವರು ಅದೇ ಪೊಲೀಸರು, ಅದೇ ಸಾಕ್ಷಿಗಳು, ಅದೇ ನ್ಯಾಯಾಲಯಗಳು. 2009ರಲ್ಲಿ ಆ ಆರು ಮಂದಿಯೂ ಆ ಮೆಟ್ಟಿಲನ್ನೇ ಹತ್ತಿದ್ದರು.

ಭಾರತದ ಕಾನೂನು ಈ ಅಳುಕನ್ನು ಬಲ್ಲದು. ಗಲ್ಲು ‘ಅಪರೂಪದಲ್ಲಿ ಅಪರೂಪ’ದ ಪ್ರಕರಣಕ್ಕೆ ಮಾತ್ರ ಎಂದು 1980ರ ಬಚನ್ ಸಿಂಗ್ ತೀರ್ಪು ಹೇಳಿತು. ಪೀಠದಲ್ಲಿ ಭಿನ್ನಮತ ತಾಳಿದ ಒಬ್ಬರೇ ನ್ಯಾಯಮೂರ್ತಿ ಪಿ.ಎನ್. ಭಗವತಿ ಈ ಶಿಕ್ಷೆಯೇ ಸಂವಿಧಾನಬಾಹಿರ ಎಂದರು. ಆದರೆ ‘ಅಪರೂಪ’ದ ಅಳತೆಗೋಲು ಅಪರಾಧದ ಕ್ರೌರ್ಯವನ್ನೂ ಅಪರಾಧಿಯ ಹಿನ್ನೆಲೆಯನ್ನೂ ಅಳೆಯುತ್ತದೆ, ಪುರಾವೆಯ ಗಟ್ಟಿತನವನ್ನಲ್ಲ. ಕೃತ್ಯ ಘೋರವಾದಷ್ಟೂ ಜನರ ಆಕ್ರೋಶ ಹೆಚ್ಚು, ಯಾರನ್ನಾದರೂ ಬೇಗ ಹಿಡಿದು ತೋರಿಸಬೇಕೆಂಬ ಒತ್ತಡ ಪೊಲೀಸರ ಮೇಲೆ ಹೆಚ್ಚು. ಹೀಗೆ ಗಲ್ಲಿಗೆ ತಕ್ಕ ಪ್ರಕರಣವೇ ತಪ್ಪಾಗಲು ತಕ್ಕ ಪ್ರಕರಣವೂ ಆಗುತ್ತದೆ. ಸಿಕ್ಕಿಬೀಳುವವರು ಒಳ್ಳೆಯ ವಕೀಲರನ್ನು ಇಡಲಾಗದ ಬಡವರಾದರಂತೂ ಮುಗಿಯಿತು.

ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧ ಹೂಡಿದ ಪ್ರಕರಣಗಳನ್ನು ಬಿಟ್ಟು ಉಳಿದವಕ್ಕೆಲ್ಲ ಗಲ್ಲನ್ನು ತೆಗೆದುಹಾಕಿ ಎಂದು ಕಾನೂನು ಆಯೋಗ 2015ರ ತನ್ನ 262ನೇ ವರದಿಯಲ್ಲಿ ಶಿಫಾರಸು ಮಾಡಿತ್ತು. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಕೊಲೆಗೆ ಗಲ್ಲು ಇದ್ದೇ ಇದೆ. ನಾಸಿಕ್‌ನ ಆರು ಮಂದಿ ಇಂದು ಹೊರಗಿರುವುದು ನಮ್ಮ ವ್ಯವಸ್ಥೆ ತಪ್ಪದೆ ನಡೆದದ್ದರಿಂದಲ್ಲ, ನಿಧಾನವಾಗಿ ನಡೆದದ್ದರಿಂದ. ಮುಂದಿನ ಸಲ ‘ತಕ್ಷಣ ಗಲ್ಲಿಗೇರಿಸಿ’ ಎಂಬ ಕೂಗಿಗೆ ದನಿಗೂಡಿಸುವ ಮೊದಲು ಓದುಗರು ಯೋಗ್ಯತೆಯ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಟ್ಟು ಅರಿವಿನ ಪ್ರಶ್ನೆಯನ್ನು ಕೇಳಿಕೊಳ್ಳಲಿ. ಅದಕ್ಕೆ ಉತ್ತರ ಸಿಗುವವರೆಗೆ ಜೀವಾವಧಿ ಶಿಕ್ಷೆ ಸಾಕು.