ಟೈ ಮೇಲಿನ ಮಾವಿನಕಾಯಿ

ರಾಯಚೂರಿನ ಮದುವೆ ಮಂಟಪಗಳಲ್ಲಿ ಸೂಟು ತೊಟ್ಟು, ರೇಷ್ಮೆ ಟೈ ಕಟ್ಟಿದ ವರ ಇಂದು ಅಪರೂಪವಲ್ಲ. ದೇವದುರ್ಗ, ಮಾನ್ವಿಯ ಹತ್ತಿ ಬೆಳೆಗಾರರ ಮಕ್ಕಳೂ ಓದಿ ಕೆಲಸಕ್ಕೆ ಸೇರಿ ಟೈ ಕಟ್ಟುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಟೈ ಮೇಲಿರುವ ಚಿತ್ತಾರ ಯಾರದ್ದೆಂದು ನಾವು ಯೋಚಿಸಿದ್ದೇವೆಯೇ?

ಅಂಗಡಿಯವರು ಅದನ್ನು 'ಪೈಸ್ಲಿ' ಎನ್ನುತ್ತಾರೆ. ನಮ್ಮ ತಾಯಂದಿರ ಸೀರೆಯಲ್ಲಿ ಅದೇ ಮಾವಿನಕಾಯಿ ಬುಟ್ಟಾ. ಇರಾನ್ ಮತ್ತು ಕಾಶ್ಮೀರದ ನೇಯ್ಗೆಯಲ್ಲಿ ಬೆಳೆದ ಈ ಬುಟ್ಟಾ, ಶಾಲುಗಳ ಮೇಲೇರಿ 18ನೇ ಶತಮಾನದ ಕೊನೆಯಲ್ಲಿ ಬ್ರಿಟನ್ ತಲುಪಿತು. 19ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಪೈಸ್ಲಿ ಪಟ್ಟಣದ ಮಗ್ಗಗಳು ಅದನ್ನು ನಕಲು ಮಾಡಿ ಅಗ್ಗದಲ್ಲಿ ನೇಯ್ದವು. ಶಾಲಿನ ಕಾಲ ಮುಗಿದರೂ ಪಟ್ಟಣದ ಹೆಸರು ಬುಟ್ಟಾಕ್ಕೆ ಅಂಟಿಕೊಂಡಿತು. ಇತ್ತ ಶ್ರೀನಗರದಲ್ಲಿ 1865ರಲ್ಲಿ ತೆರಿಗೆಯ ಭಾರ ತಾಳಲಾರದೆ ಬೀದಿಗಿಳಿದ ಶಾಲು ನೇಕಾರರಲ್ಲಿ ಹಲವರು ಪ್ರಾಣ ತೆತ್ತರು. ಅವರ ನೆನಪು ಯಾವ ಟೈಯಲ್ಲೂ ಇಲ್ಲ.

ಹಾಗಾದರೆ ಚಿತ್ತಾರವನ್ನು ಎರವಲು ಪಡೆಯುವುದೇ ಅನ್ಯಾಯವೇ? ಅಲ್ಲ. ಚಿತ್ತಾರಕ್ಕೆ ಬೇಲಿ ಹಾಕಿದ್ದರೆ ಕಾಶ್ಮೀರದ ಬುಟ್ಟಾ ನಮ್ಮ ಸೀರೆಗೂ ಬರುತ್ತಿರಲಿಲ್ಲ. ಪೈಸ್ಲಿಯ ನೇಕಾರರೂ ಕೂಲಿಯವರೇ. ಚೆಲುವನ್ನು ಹಂಚಿಕೊಳ್ಳುವುದು ತಪ್ಪಲ್ಲ. ಅದನ್ನು ಮಾಡಿದ ಕೈಗಳನ್ನು ಅಳಿಸಿಹಾಕುವುದು ತಪ್ಪು.

ಬಟ್ಟೆಯ ವಿಷಯದಲ್ಲಿ ನೈತಿಕ ಪ್ರಶ್ನೆ ಕೇಳುವುದು ನಮಗೆ ಹೊಸದಲ್ಲ. ಮುಸ್ಲಿಮ್ ಪುರುಷರು ರೇಷ್ಮೆ ಧರಿಸಬಾರದೆಂಬ ಧಾರ್ಮಿಕ ವಿಧಿಯಿದೆ. ಇದನ್ನು ಮನದಲ್ಲಿಟ್ಟು, ಮೈಗೆ ತಾಗುವ ಬದಿಯಲ್ಲಿ ಹತ್ತಿ, ಹೊರಬದಿಯಲ್ಲಿ ರೇಷ್ಮೆ ಕಾಣುವ 'ಮಶ್ರೂ' ಬಟ್ಟೆಯನ್ನು ದಖ್ಖನಿನಲ್ಲೂ ನೇಯುತ್ತಿದ್ದರು. ಆ ಹೆಸರಿಗೆ 'ಅನುಮತಿ ಇರುವುದು' ಎಂದೇ ಅರ್ಥ. ಈ ಬಟ್ಟೆ ನಮಗೆ ಸಲ್ಲುತ್ತದೆಯೇ ಎಂದು ಕೇಳಿದ ಸಮಾಜ, ಅದನ್ನು ಮಾಡಿದವರಿಗೆ ಕೂಲಿ ಸಂದಿದೆಯೇ ಎಂದೂ ಕೇಳಬೇಡವೇ?

ಈ ಪ್ರಶ್ನೆ ಮುಸ್ಲಿಮರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಒಂದು ರೇಷ್ಮೆ ಟೈಗೆ ನೂರಕ್ಕೂ ಹೆಚ್ಚು ಗೂಡುಗಳು ಬೇಕು. ರಾಮನಗರ, ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಬಿಸಿನೀರಿಗೆ ಬೆರಳದ್ದಿ ಗೂಡಿನಿಂದ ಎಳೆ ತೆಗೆಯುವವರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಬಿಸಿನೀರು ಯಾರ ಜಾತಿಯನ್ನೂ ಕೇಳುವುದಿಲ್ಲ.

ದುಡಿದವರನ್ನು ನೆನೆಯುವುದು ಹೇಗೆಂಬುದಕ್ಕೆ ನಾವು ದೂರ ಹೋಗಬೇಕಿಲ್ಲ. ರಾಯಚೂರು ಕೋಟೆಯ ಪಶ್ಚಿಮ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಕಲ್ಲೊಂದಿದೆ. ಅದರ ಮೇಲೆ 1294ರ ಶಾಸನವಿದ್ದು, ಕೋಟೆ ಕಟ್ಟಿಸಿದ ಗೋರೆ ಗಂಗಯ್ಯ ರೆಡ್ಡಿಯ ಹೆಸರಿದೆ. ಅಷ್ಟಕ್ಕೇ ನಿಲ್ಲದೆ, ಆ ಕಲ್ಲನ್ನು ಸಾಗಿಸಿದ ಬಗೆಯನ್ನೂ ಅಲ್ಲೇ ಕೆತ್ತಿದ್ದಾರೆ. ಬಂಡಿ ಎಳೆಯುವ ಕೋಣಗಳ ಸಾಲಿದೆ, ಗಾಲಿಗೆ ಸನ್ನೆಗೋಲು ಕೊಟ್ಟು ನೂಕುವ ಆಳುಗಳಿದ್ದಾರೆ. ಅವರ ಹೆಸರುಗಳಿಲ್ಲ, ನಿಜ. ಆದರೆ ಅವರಿಲ್ಲದೆ ಕೋಟೆ ಇಲ್ಲವೆಂಬುದನ್ನು ಆ ಗೋಡೆ ಏಳು ಶತಮಾನಗಳಿಂದ ಒಪ್ಪಿಕೊಂಡಿದೆ.

ಟೈ ಕಟ್ಟುವವರು ಕಟ್ಟಲಿ, ಬೇಡವೆನ್ನುವವರು ಬಿಡಲಿ. ಕೊಳ್ಳುವಾಗ ಬಣ್ಣ, ಬೆಲೆಯ ಜೊತೆಗೆ ಇದನ್ನು ನೇಯ್ದದ್ದು ಎಲ್ಲಿ, ಯಾರು ಎಂದು ಒಂದು ಮಾತು ಕೇಳೋಣ. ನೇಕಾರನ ಕೂಲಿಯಲ್ಲಿ ಚೌಕಾಸಿ ಮಾಡದಿರೋಣ. ಮಾವಿನಕಾಯಿಯನ್ನು ನಮ್ಮ ಮಕ್ಕಳ ಮುಂದೆ ಮಾವಿನಕಾಯಿ ಎಂದೇ ಕರೆಯೋಣ.