ಮನೆಯ ಶಾಂತಿ ಯಾರ ಖಾತೆಗೆ?

ಮರೆವಿನ ರೋಗ ಬಂದ ಹಿರಿಯರು ರಾತ್ರಿ ಎದ್ದು ಕೂಗುತ್ತಾರೆ, ಬಾಗಿಲು ತೆಗೆದು ಹೊರಡುತ್ತಾರೆ. ಹಗಲೆಲ್ಲ ಹೊಲದಲ್ಲಿ, ಅಂಗಡಿಯಲ್ಲಿ ದುಡಿದ ಮನೆಯವರು ಎಷ್ಟು ದಿನ ನಿದ್ದೆಗೆಟ್ಟಾರು? ದವಾಖಾನೆಯಿಂದ ಹ್ಯಾಲೊಪೆರಿಡಾಲ್‌ನಂಥ ಗುಳಿಗೆ ಬರುತ್ತದೆ, ಮನೆ ಶಾಂತವಾಗುತ್ತದೆ. ಅವರನ್ನು ನಾವು ದೂಷಿಸಲಾರೆವು. ಆದರೆ ಆ ಶಾಂತಿ ಯಾರಿಗೆ ಜಮಾ, ಯಾರಿಗೆ ಖರ್ಚು ಎಂದು ಕೇಳಲೇಬೇಕಾಗಿದೆ.

1958ರಲ್ಲಿ ಬೆಲ್ಜಿಯಂನಲ್ಲಿ ಸಿದ್ಧವಾದ ಈ ಔಷಧಿ ಚಿತ್ತಭ್ರಮೆಯವರಿಗಾಗಿ ಬಳಕೆಗೆ ಬಂದದ್ದು. ಮಿದುಳಿನ ಡೋಪಮೈನ್ ಎಂಬ ರಸದ ಕೆಲಸವನ್ನು ಇದು ತಡೆಯುತ್ತದೆ. ಕೈಕಾಲುಗಳ ಹಿಡಿತಕ್ಕೂ ಅದೇ ರಸ ಬೇಕು. ಆದ್ದರಿಂದ ಹಲವರ ಮೈ ಸೆಟೆಯುತ್ತದೆ, ಕೈ ನಡುಗುತ್ತದೆ. ತಿಂಗಳುಗಟ್ಟಲೆ ಕೊಟ್ಟರೆ ತುಟಿ, ನಾಲಿಗೆ ತಾವಾಗಿ ಆಡತೊಡಗಬಹುದು. ಗುಳಿಗೆ ಬಿಟ್ಟರೂ ಅದು ನಿಲ್ಲದಿರಬಹುದು. ಕೂತಲ್ಲಿ ಕೂರಲಾಗದ ಚಡಪಡಿಕೆಯೂ ಇದರಿಂದಲೇ ಹುಟ್ಟುವುದುಂಟು. ಅದನ್ನು ಹಟವೆಂದು ತಿಳಿದು ಇನ್ನೊಂದು ಗುಳಿಗೆ ಹೆಚ್ಚಿಸುವವರಿದ್ದಾರೆ! ಇಂಥ ಗುಳಿಗೆಗಳಿಂದ ಮರೆವಿನ ಹಿರಿಯರಿಗೆ ಸಾವಿನ ಅಪಾಯ ಹೆಚ್ಚೆಂದು ಅಮೆರಿಕದ ಔಷಧ ನಿಯಂತ್ರಕರು 2005ರಲ್ಲಿಯೂ 2008ರಲ್ಲಿಯೂ ಎಚ್ಚರಿಸಿದ್ದಾರೆ.

ಎತ್ತು ಮೇವು ಬಿಟ್ಟರೆ ರೈತ ಮೊದಲು ಅದರ ಬಾಯಿ, ಗೊರಸು ನೋಡುತ್ತಾನೆ. ಹಿರಿಯರು ಕೂಗಿದಾಗಲೂ ಮಲ ಕಟ್ಟಿದೆಯೇ, ಉರಿಮೂತ್ರವೇ, ಹಲ್ಲುನೋವೇ ಎಂದು ಮೊದಲು ನೋಡಬೇಡವೇ? ಬೇಡವೆಂದು ಬಿಡಿಸಿ ಹೇಳುವ ಶಕ್ತಿ ಅವರಿಗೆ ಉಳಿದಿಲ್ಲ. ಹೊಡೆಯಲು ಬರುವಷ್ಟು ಉಗ್ರವಾದಾಗ ಕಡಿಮೆ ಪ್ರಮಾಣದಲ್ಲಿ, ಸ್ವಲ್ಪ ಕಾಲ ಕೊಡುವುದು ಬೇರೆ ಮಾತು.

ಈಗಾಗಲೇ ಕೊಡುತ್ತಿರುವವರು ಇದನ್ನೋದಿ ಒಮ್ಮೆಲೇ ನಿಲ್ಲಿಸಬಾರದು. ಹಳೆಯ ಚೀಟಿ ತೋರಿಸಿ ಗುಳಿಗೆ ತರುವುದನ್ನು ಬಿಟ್ಟು, ಹಿರಿಯರನ್ನೇ ಕರೆದೊಯ್ದು ವೈದ್ಯರ ಮುಂದೆ ನಾಲ್ಕು ಹೆಜ್ಜೆ ನಡೆಸಿ ತೋರಿಸಿ, ಇದು ಇನ್ನೆಷ್ಟು ದಿನ ಬೇಕೆಂದು ಕೇಳಬೇಕು.